ಹಾಸಿಗೆಯಮ್ಮನ ಕೈಗೆ ಸಿಕ್ಕ ಗಂಟು

ಹಾಸಿಗೆಯಮ್ಮನ ಕೈಗೆ ಗಂಟು ಸಿಕ್ಕಿತೆಂದರೆ ಅದು ಉಳಿಯುವ ಮಾತೇ ಇರಲಿಲ್ಲ. ಹಿಂಜುವ ಯಂತ್ರದಿಂದ ಹತ್ತಿ ಹೊರಗೆ ಬಿದ್ದ ಮೇಲೂ ಅದರೊಳಗೆ ಅಲ್ಲಲ್ಲಿ ಕಡಲೆಯಷ್ಟು, ಗೋಲಿಯಷ್ಟು ಗಂಟುಗಳು ಅಡಗಿ ಕೂತಿರುತ್ತವೆ. ಬೇರೆ ಅಂಗಡಿಯವರು ಅವನ್ನು ಹಾಗೇ ತುಂಬಿ ಹೊಲಿದುಬಿಡುತ್ತಾರೆ. ಕೊಂಡವರು ಬೆನ್ನು ಹಿಡಿದುಕೊಂಡು ನರಳಲಿ, ಅವರಿಗೇನು? ಹಾಸಿಗೆಯಮ್ಮನ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಹತ್ತಿಯನ್ನು ಚೀಲದ ಮೇಲೆ ಹರಡಿ, ಮೂಗಿಗೆ ಬಟ್ಟೆ ಕಟ್ಟಿ, ಮಂಡಿಯೂರಿ ಕೂತು, ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸುತ್ತಾ ಹೋಗುವಳು. ಗಂಟು ಸಿಕ್ಕ ಕಡೆ ಹೆಬ್ಬೆರಳು ನಿಲ್ಲುವುದು. ಒತ್ತುವಳು, ಹೊಸೆಯುವಳು, ಎಳೆ ಎಳೆಯಾಗಿ ಬಿಡಿಸಿ ಎಸೆಯುವಳು. ಆಮೇಲೆಯೇ ದಬ್ಬಣಕ್ಕೆ ದಾರ. ಅವಳು ಹೊಲಿದ ಹಾಸಿಗೆ ಎಷ್ಟು ಮೆತ್ತಗೋ ಅವಳ ಬಾಯಿ ಅಷ್ಟೇ ಒರಟು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅವಳ ಎದುರಿಗೆ ಆಡಿದವರು ಮಾತ್ರ ಯಾರೂ ಇಲ್ಲ.

ಕೆಳಗೆ ಅಂಗಡಿ, ಹಿಂದೆ ಹತ್ತಿ ಕೋಣೆ, ಮೇಲೆ ಮನೆ. ಮಗ ಗಾಡಿಯಲ್ಲಿ ಹಾಸಿಗೆ ಹೇರಿಕೊಂಡು ಹೋಗಿ ಮನೆ ಮನೆಗೆ ಮುಟ್ಟಿಸುವವನು. ಸೊಸೆ ಅತ್ತೆಯ ಎದುರು ಕೂತು ಅಂಚು ಹೊಲಿಯುವವಳು. ಮೊಮ್ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು. ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಬಾಯಿಯಲ್ಲಿ ಅಜ್ಜಿಯನ್ನೇ ಹೋಲುತ್ತಿದ್ದಳು.

ಆ ದಿನ ಇಬ್ಬರು ಮಲಗುವ ಹಾಸಿಗೆಯೊಂದನ್ನು ಅಟ್ಟಕ್ಕೆ ಏರಿಸಬೇಕಿತ್ತು. ಸೊಸೆ ಏಣಿಯ ಮೇಲೆ, ಅತ್ತೆ ಕೆಳಗೆ. ಹಾಸಿಗೆಯ ಅಂಚು ಎದೆಗೆ ತಾಗಿದ್ದೇ ತಡ, ಸೊಸೆ "ಸ್ಸ್" ಎಂದು ಕೈಬಿಟ್ಟಳು. ಹಾಸಿಗೆ ಬಂದು ಹಾಸಿಗೆಯಮ್ಮನ ತಲೆಯ ಮೇಲೆ ಬಿತ್ತು.

"ಕೊಂದೇಬಿಡ್ತೀಯೇನೇ ನನ್ನ?" ಹಾಸಿಗೆಯಡಿಯಿಂದಲೇ ಕೂಗು ಬಂತು.

"ಕೈ ಜಾರ್ತು ಅತ್ತೆ."

"ನಿನ್ನ ಕೈ ಯಾವತ್ತು ಜಾರಿದೆ? ಇಳಿ ಕೆಳಗೆ. ಎಲ್ಲಿ ನೋವು, ಹೇಳು."

ಸೊಸೆ ಇಳಿದು ಬೀದಿಯ ಕಡೆ ನೋಡಿದಳು. ಗಂಡನ ಗಾಡಿ ಇರಲಿಲ್ಲ. ಧ್ವನಿ ತಗ್ಗಿಸಿ ಹೇಳಿದಳು: "ಎಡಗಡೆ ಎದೇಲಿ ಏನೋ ಇದೆ. ಗಂಟಿನ ಹಾಗೆ. ಸ್ನಾನ ಮಾಡೋವಾಗ ಕೈಗೆ ಸಿಕ್ತು."

"ಯಾವತ್ತು?"

"ಹೋದ ತಿಂಗಳು."

"ಹೋದ ತಿಂಗಳು! ಒಂದು ದಾರದ ಉಂಡೆ ಕಾಣದಿದ್ರೆ ಬೀದಿಗೆಲ್ಲಾ ಕೇಳೋ ಹಾಗೆ ಕೂಗ್ತೀಯ, ಇದನ್ನ ಮುಚ್ಚಿಟ್ಕೊಂಡು ಕೂತಿದೀಯ! ನಡಿ ಒಳಗೆ."

ಹತ್ತಿ ಕೋಣೆಯ ಬಾಗಿಲು ಹಾಕಿ ಹಾಸಿಗೆಯಮ್ಮ ಕೈ ಒರೆಸಿಕೊಂಡಳು. ಅಭ್ಯಾಸದಂತೆ ಕಣ್ಣು ಮುಚ್ಚಿದಳು. ಹೆಬ್ಬೆರಳು ನಿಂತಿತು. ಗೋಲಿಯಷ್ಟು ದಪ್ಪ, ರಬ್ಬರಿನಂತೆ; ಒತ್ತಿದರೆ ಬೆರಳ ಕೆಳಗಿನಿಂದ ಆಚೆ ಜಾರುತ್ತಿತ್ತು. ಅವಳಿಗೂ ಹೆದರಿಕೆಯಾಯಿತು. ಆದರೆ ಹೆದರಿದಷ್ಟೂ ಅವಳ ಗಂಟಲು ದೊಡ್ಡದಾಗುತ್ತಿತ್ತು.

"ಇಷ್ಟಕ್ಕೇನಾ? ನಾನು ಎಂಥೆಂಥ ಗಂಟು ನೋಡಿಲ್ಲ! ದಿನಾ ಬೆಳಿಗ್ಗೆ ಬಿಸಿ ಎಣ್ಣೆ ಹಾಕಿ ಒತ್ತಿ ಹಿಂಜಿದ್ರೆ ತಾನೇ ಬಿಡುತ್ತೆ."

"ಒಂದು ಸಲ ಆಸ್ಪತ್ರೆಗೆ ತೋರಿಸಿದ್ರೆ..."

"ತೋರಿಸಿದ ತಕ್ಷಣ ಕತ್ತಿ ಹಿಡೀತಾರೆ. ನಮ್ಮಕ್ಕ ಹೀಗೇ ಗಂಟು ಅಂತ ಆಸ್ಪತ್ರೆಗೆ ನಡ್ಕೊಂಡು ಹೋದ್ಲು, ಬಿಳಿ ಬಟ್ಟೆ ಸುತ್ಕೊಂಡು ಬಂದ್ಲು. ಇನ್ನೊಂದು ಸಲ ಆ ಮಾತೆತ್ತಬೇಡ. ನಿನ್ನ ಗಂಡನಿಗೂ ಹೇಳಬೇಡ, ಅವನು ಸುಮ್ನೆ ಕಂಗಾಲಾಗ್ತಾನೆ."

ಸೊಸೆಗೂ ಆ ಹೊತ್ತಿಗೆ ಬೇಕಾಗಿದ್ದದ್ದು ಯಾರಾದರೂ "ಏನಿಲ್ಲ" ಎನ್ನುವುದು. ಅತ್ತೆ ಅಂದಳು. ಅವಳು ನಂಬಿದಳು.

ಮಾರನೇ ದಿನದಿಂದ ಶುರುವಾಯಿತು. ಮಗ ಗಾಡಿ ತೆಗೆದುಕೊಂಡು ಹೊರಟ ಮೇಲೆ, ಗುಬ್ಬಿ ಸ್ಕೂಲಿಗೆ ಹೋದ ಮೇಲೆ, ಸೌಟಿನಲ್ಲಿ ಎಣ್ಣೆ ಕಾಯಿಸುವುದು. ಹತ್ತಿ ಕೋಣೆಯ ಬಾಗಿಲು ಹಾಕುವುದು. ಹೆಬ್ಬೆರಳಿನಿಂದ ಒತ್ತಿ ಒತ್ತಿ ಹೊಸೆಯುವುದು. ಸೊಸೆ ಬಟ್ಟೆಯ ತುದಿ ಕಚ್ಚಿಕೊಂಡು ಕೂರುತ್ತಿದ್ದಳು.

"ನೋವಾಗ್ತಿದೆ ಅತ್ತೆ."

"ನೋವಾದ್ರೇನೇ ಬಿಡೋದು."

ಮೊದಮೊದಲು ದಿನಾ ಈ ಮಾತು ನಡೆಯುತ್ತಿತ್ತು. ಬರಬರುತ್ತಾ ಸೊಸೆ ನೋವು ಎನ್ನುವುದನ್ನೇ ಬಿಟ್ಟಳು. ಹಾಸಿಗೆಯಮ್ಮ ಅದನ್ನು ನೋವು ಕಡಿಮೆಯಾಗುತ್ತಿದೆ ಎಂದು ತಿಳಿದಳು.

ಗುಬ್ಬಿಗೆ ಹೇಗೋ ಸುಳಿವು ಸಿಕ್ಕಿತು. ಅಮ್ಮ ಎಡಗೈ ಮೈಗೆ ಅಂಟಿಸಿಕೊಂಡೇ ಪಾತ್ರೆ ತೊಳೆಯುವುದು, ಬಲಗೈಯಲ್ಲೇ ಬಕೆಟ್ಟು ಎತ್ತುವುದು, ಮೈಯೆಲ್ಲಾ ಎಣ್ಣೆಯ ವಾಸನೆ. ಅವಳು ಅಮ್ಮನನ್ನು ಕೆದಕಿ ಕೆದಕಿ ಕೇಳಿ ತಿಳಿದುಕೊಂಡಳು. ಒಂದು ಸಂಜೆ ಅಜ್ಜಿಯ ಮುಂದೆ ಬೇಳೆ ಆರಿಸುತ್ತಾ ಕೂತವಳು ಮೊರವನ್ನು ಪಕ್ಕಕ್ಕಿಟ್ಟಳು.

"ಅಜ್ಜಿ, ನಿಮ್ಮಕ್ಕ ಗಂಟನ್ನ ಎಷ್ಟು ದಿನ ಮುಚ್ಚಿಟ್ಕೊಂಡಿದ್ರು?"

"ಅದೆಲ್ಲಾ ನಿನಗ್ಯಾಕೆ?"

"ಹೇಳಿ."

"ಹುಣ್ಣಾಗಿ ಸೋರೋವರೆಗೂ ಹೇಳಿರಲಿಲ್ಲ."

"ಮತ್ತೆ ಆಸ್ಪತ್ರೆ ಹೇಗೆ ಕೊಲ್ತು? ಮುಚ್ಚಿಟ್ಟಿದ್ದು ತಾನೇ ಕೊಂದಿದ್ದು? ನಮ್ಮ ಸ್ಕೂಲಿಗೆ ಡಾಕ್ಟರು ಬಂದು ಹೇಳಿದ್ರು, ಎದೆಯಲ್ಲಿ ಗಂಟು ಸಿಕ್ಕಿದ್ರೆ ಬಹಳಷ್ಟು ಸಲ ಅದು ಕ್ಯಾನ್ಸರ್ ಆಗಿರಲ್ಲವಂತೆ. ಆದ್ರೆ ಅಲ್ಲ ಅಂತ ಹೇಳಬೇಕಾದವರು ನಾವಲ್ಲವಂತೆ."

"ಸ್ಕೂಲಲ್ಲಿ ಇದನ್ನೂ ಹೇಳಿಕೊಡ್ತಾರಾ? ಲೆಕ್ಕ ಬರಲ್ಲ ನಿನಗೆ, ಗಂಟಿನ ಪಾಠ ಬರುತ್ತೆ! ಬೇಳೆ ಆರಿಸು."

ಗುಬ್ಬಿ ಬೇಳೆ ಆರಿಸಿದಳು. ಕಲ್ಲನ್ನೆಲ್ಲ ಅಜ್ಜಿಯ ಕಡೆಗೇ ಎಸೆದಳು.

ವಾರಗಳು ಕಳೆದರೂ ಗಂಟು ಕರಗಲಿಲ್ಲ. ಊದಿತು. ಅದರ ಸುತ್ತ ಮೊದಲು ಕೆಂಪಾಗಿ, ಆಮೇಲೆ ನೀಲಿಯಾಗಿ, ಅಂಚಿನಲ್ಲಿ ಹಳದಿ ಬಣ್ಣ ಇಳಿಯಿತು. ಹಾಸಿಗೆಯಮ್ಮ ದಿನಾ ಅದನ್ನು ನೋಡುತ್ತಿದ್ದಳು. ನೋಡಿ ಇನ್ನೂ ಜೋರಾಗಿ ಒತ್ತುತ್ತಿದ್ದಳು. ಕೊನೆಗೆ ಒಂದು ದಿನ ಸೊಸೆ ಬಟ್ಟೆ ಬದಲಾಯಿಸುವಾಗ ಗಂಡ ಕೋಣೆಗೆ ಬಂದುಬಿಟ್ಟ.

ಹಾಸಿಗೆಯಮ್ಮ ತಟ್ಟೆಗಳಿಗೆ ಅನ್ನ ಬಡಿಸುತ್ತಿದ್ದಳು. ಮಗ ಬಂದು ನಿಂತ. ಸಾಮಾನ್ಯವಾಗಿ ಅವನು ಅಮ್ಮನ ಮುಂದೆ ಬಾಯಿ ಬಿಡುವವನೇ ಅಲ್ಲ. ಬೀದಿಯಲ್ಲಿ ಅವನನ್ನು ದಿಂಬು ಎಂದು ಕರೆಯುತ್ತಿದ್ದದ್ದು ಅದಕ್ಕೇ. ಅವತ್ತು ಅವನ ಮುಖವೇ ಬೇರೆ ಇತ್ತು.

"ಏನಮ್ಮ ಇದು? ಏನು ಮಾಡಿದೀಯ ಅವಳಿಗೆ?"

"ಕೂತ್ಕೊ. ಊಟ ಮಾಡು."

"ಊಟ ಆಮೇಲೆ. ಅವಳ ಮೈ ಏನು ನಿನ್ನ ಅಂಗಡಿ ಹತ್ತಿನಾ, ಸಿಕ್ಕ ಹಾಗೆ ಹಿಂಜೋಕೆ?"

"ಏನಂದೆ?" ಹಾಸಿಗೆಯಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದಳು. "ನಿನಗೆ ಅನ್ನ ಹಾಕಿ ಬೆಳೆಸಿದ ಕೈ ಕಣೋ ಇದು. ಈ ಕೈಗೆ ತಿಳಿಯದ ಗಂಟು ಈ ಊರಲ್ಲೇ ಇಲ್ಲ!"

"ತಿಳಿದಿದ್ರೆ ಅದು ಯಾಕೆ ನೀಲಿಗಟ್ಟಿದೆ?"

"ಒಳಗಿನ ಕೆಟ್ಟದ್ದು ಹೊರಗೆ ಬರ್ತಿದೆ."

"ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಹೋಗು! ಕೊಯ್ಸಿಕೊಂಡು ಬಾ! ನಾನು ಆಯುರ್ವೇದದ ಡಾಕ್ಟರಮ್ಮನಿಗೆ ತೋರಿಸೋಣ ಅಂತಿದ್ದೆ. ನನ್ನ ಮಂಡಿ ನೋವು ಬಿಡಿಸಿದ್ದು ಅವಳೇ. ಅವಳು ನನ್ನ ಹಾಗೇ ಎಣ್ಣೆ ಕೊಡ್ತಾಳೆ, ಕತ್ತಿ ಹಿಡಿಯಲ್ಲ."

"ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಅಮ್ಮನ್ನ ಕೇಳಿದ್ರಾ?" ಗುಬ್ಬಿ ತಟ್ಟೆಯ ಮುಂದಿನಿಂದಲೇ ಕೂಗಿದಳು.

ಇಬ್ಬರೂ ತಿರುಗಿ ನೋಡಿದರು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಯಾರ ಹತ್ರ ಆದ್ರೂ ಸರಿ," ಎಂದಳು. "ನಾಳೇನೇ ಹೋಗೋಣ. ನನಗಿನ್ನು ತಡ್ಕೊಳ್ಳೋಕೆ ಆಗಲ್ಲ."

ಅನ್ನ ತಟ್ಟೆಯಲ್ಲೇ ಆರಿತು.

ಮಾರನೇ ದಿನ ಮೊದಲು ಹೋದದ್ದು ಹಾಸಿಗೆಯಮ್ಮ ಹೇಳಿದ ಕಡೆಗೇ. ಆಯುರ್ವೇದದ ಡಾಕ್ಟರಮ್ಮನ ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಹಾಸಿಗೆಯಮ್ಮ ಮೆಟ್ಟಿಲು ಹತ್ತುವಾಗಲೇ ಗೆದ್ದವಳಂತಿದ್ದಳು. "ನೋಡ್ತಿರು, ನಾನು ಹೇಳಿದ್ದನ್ನೇ ಅವಳೂ ಹೇಳ್ತಾಳೆ," ಎಂದು ಮಗನಿಗೆ ಎರಡು ಸಲ ಹೇಳಿದಳು. ಪರದೆಯ ಹಿಂದಕ್ಕೆ ಯಾರೂ ಕರೆಯದಿದ್ದರೂ ಸೊಸೆಯ ಜೊತೆ ತಾನೂ ಹೋಗಿ ನಿಂತಳು.

ಡಾಕ್ಟರಮ್ಮ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

"ಈ ನೀಲಿ ಗಂಟಿಂದಲ್ಲ. ಪೆಟ್ಟಿಂದು. ಯಾರು ಹೀಗೆ ಒತ್ತಿದ್ದು?"

ಸೊಸೆ ಅತ್ತೆಯ ಕಡೆ ನೋಡಲಿಲ್ಲ. "ನಾನೇ ಒತ್ಕೊಂಡೆ," ಎಂದಳು. "ಕರಗುತ್ತೇನೋ ಅಂತ."

"ನಿಮ್ಮ ಎದೆಗೆ ನೀವೇ ಹೀಗೆ ಮಾಡ್ಕೊಂಡ್ರಾ?"

"ಹೂಂ."

ಹಾಸಿಗೆಯಮ್ಮನಿಗೆ ಸಿಟ್ಟು ನೆತ್ತಿಗೇರಿತು. ತನ್ನನ್ನು ಯಾರಾದರೂ ಬೈದರೆ ಅವಳು ತಡೆದುಕೊಂಡಾಳು. ತನಗಾಗಿ ಯಾರಾದರೂ ಬೈಸಿಕೊಂಡರೆ ಅವಳಿಗೆ ತಡೆದುಕೊಳ್ಳಲಾಗುವುದಿಲ್ಲ.

"ಯಾಕೇ ಸುಳ್ಳು ಹೇಳ್ತೀಯ? ಅವಳಲ್ಲಮ್ಮ, ನಾನು! ನಾನು ಒತ್ತಿದ್ದು. ದಿನಾ ಒತ್ತಿದೆ. ಎಣ್ಣೆ ಹಾಕಿ ಒತ್ತಿದೆ. ಬಯ್ಯೋದಿದ್ರೆ ನನ್ನ ಬಯ್ಯಿ."

ಪರದೆಯ ಆಚೆ ಕೂತಿದ್ದವರೆಲ್ಲ ಮಾತು ನಿಲ್ಲಿಸಿದರು. ಡಾಕ್ಟರಮ್ಮ ಬಯ್ಯಲಿಲ್ಲ. ಅವಳು ಬಯ್ದಿದ್ದರೇ ಚೆನ್ನಾಗಿತ್ತು.

"ಇವತ್ತಿಂದ ಯಾರೂ ಇದನ್ನ ಒತ್ತಬಾರದು. ಎಣ್ಣೆ ಬೇಡ, ಶಾಖ ಬೇಡ, ಲೇಪ ಬೇಡ. ಇಂಥದ್ದಕ್ಕೆ ನಮ್ಮ ಶಾಸ್ತ್ರದಲ್ಲಿ ಗ್ರಂಥಿ ಅಂತಾರೆ. ಅದಕ್ಕೆ ಔಷಧಿಗಳೂ ಇವೆ. ಆದ್ರೆ ಗ್ರಂಥಿಯಲ್ಲೂ ಸಾಧುವಾದದ್ದು ಇರುತ್ತೆ, ಕೆಟ್ಟದ್ದು ಇರುತ್ತೆ. ಇದು ಯಾವುದು ಅಂತ ಗೊತ್ತಾಗದೆ ನಾನು ಒಂದು ಗುಳಿಗೆನೂ ಕೊಡಲ್ಲ. ಮೊದಲು ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ."

"ನೀನೂ ಆಸ್ಪತ್ರೆಗೇ ಕಳಿಸ್ತೀಯಾ?" ಹಾಸಿಗೆಯಮ್ಮನ ಧ್ವನಿ ಮೊದಲ ಬಾರಿಗೆ ಸಣ್ಣದಾಗಿತ್ತು.

"ಕಳಿಸ್ತೀನಿ. ನನ್ನ ತಂಗಿಗೆ ಆಗಿದ್ರೂ ಕಳಿಸ್ತಿದ್ದೆ."

ಆಸ್ಪತ್ರೆಯ ಸ್ಕ್ಯಾನಿನ ಕೋಣೆಯ ಮುಂದೆ ಉದ್ದದ ಬೆಂಚು. ಅದರ ತುಂಬ ಹೆಂಗಸರು. ಹಾಸಿಗೆಯಮ್ಮ ಬೆಂಚಿನ ಮೇಲಿದ್ದ ಸ್ಪಂಜನ್ನು ಒತ್ತಿ ನೋಡಿ, "ಇದನ್ನ ಹೊಲಿದವನಿಗೆ ನಾಲ್ಕು ಹಾಕಬೇಕು," ಎಂದಳು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಸೊಸೆ ಹೊರಗೆ ಬಂದಳು. ಹಿಂದೆಯೇ ಲೇಡಿ ಡಾಕ್ಟರು ಬಂದು ಮಗನಿಗೂ ಅವಳಿಗೂ ಹೇಳಿದರು:

"ಗಂಟಿನ ಸುತ್ತ ರಕ್ತ ಹೆಪ್ಪುಗಟ್ಟಿದೆ. ಅದರಿಂದ ಅಂಚು ಸರಿಯಾಗಿ ಕಾಣ್ತಿಲ್ಲ. ಒತ್ತದೇ ಇದ್ದಿದ್ರೆ ಸ್ಕ್ಯಾನಲ್ಲೇ ಇನ್ನೂ ಚೆನ್ನಾಗಿ ಗೊತ್ತಾಗ್ತಿತ್ತು. ಈಗ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋದೇ ಒಳ್ಳೇದು. ಅಲ್ಲಿ ಮರಗಟ್ಟೋ ಇಂಜೆಕ್ಷನ್ ಕೊಡ್ತೀವಿ, ನೋವಾಗಲ್ಲ. ಫಲಿತಾಂಶಕ್ಕೆ ಒಂದು ವಾರ."

"ಸೂಜಿ ಎಷ್ಟು ದಪ್ಪ ಇರುತ್ತೆ?" ಹಾಸಿಗೆಯಮ್ಮ ಕೇಳಿದಳು.

ಸೊಸೆಯ ಕಣ್ಣಲ್ಲಿ ನೀರಿತ್ತು. ಆದರೂ ಅವಳಿಗೆ ನಗು ಬಂತು. "ನಿಮ್ಮ ದಬ್ಬಣಕ್ಕಿಂತ ಸಣ್ಣದೇ ಇರುತ್ತೆ ಬಿಡಿ ಅತ್ತೆ."

ಆ ವಾರ ಮನೆಯಲ್ಲಿ ಅಡಿಗೆ ಹಾಸಿಗೆಯಮ್ಮನದು. ಒಂದು ದಿನ ಬೇಳೆಗೆ ಉಪ್ಪು ಎರಡು ಸಲ ಬಿತ್ತು, ಇನ್ನೊಂದು ದಿನ ಬೀಳಲೇ ಇಲ್ಲ. ಮಗ ಕಮಕ್ ಕಿಮಕ್ ಎನ್ನದೆ ತಿಂದ. ಗುಬ್ಬಿ ಮಾತ್ರ, "ಅಜ್ಜಿ, ನಿನ್ನೆದನ್ನೂ ಇವತ್ತಿನದನ್ನೂ ಬೆರೆಸಿದ್ರೆ ಸರಿ ಹೋಗ್ತಿತ್ತು," ಎಂದಳು. ಎಂದಿನಂತೆ ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಅಂಗಡಿಯಲ್ಲಿ ಸೊಸೆಗೆ ಭಾರ ಎತ್ತುವ ಹಾಗಿರಲಿಲ್ಲ. ಅವಳು ಕೂತು ದಿಂಬಿನ ಬಾಯಿ ಹೊಲಿಯುತ್ತಿದ್ದಳು. ಎದುರಿಗೆ ಅತ್ತೆ ಹಾಸಿಗೆಯ ಅಂಚು ಹಿಡಿದಿದ್ದಳು. ಹಿಂಜುವ ಯಂತ್ರ ನಿಂತಿತ್ತು. ಗಾಳಿಯಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು.

"ಯಾಕೆ ಅತ್ತೆ ಯಾರ ಮೇಲೂ ರೇಗಾಡ್ತಿಲ್ಲ? ಬೆಳಿಗ್ಗೆ ಬಂದ ಗಿರಾಕಿ ಅಷ್ಟು ಚೌಕಾಶಿ ಮಾಡಿದ್ರೂ ಸುಮ್ಮನಿದ್ರಿ."

"ರೇಗಾಡೋಕೆ ನನಗೆ ಯಾವ ಮುಖ ಇದೆ?"

ಸೊಸೆ ದಾರ ಕಡಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಯ ಮುಂದೆ ಧ್ವನಿ ಎತ್ತಿದವಳಲ್ಲ. ಎತ್ತಲು ಹೋದರೆ ಹೇಗೆ ಎತ್ತುವುದೆಂದೂ ಅವಳಿಗೆ ತಿಳಿಯದು. ಅದಕ್ಕೆ ಮಾತು ಒಮ್ಮೆಗೇ ನುಗ್ಗಿಕೊಂಡು ಬಂತು.

"ನೋವು ಅಂದೆ ಅತ್ತೆ. ಎಷ್ಟು ಸಲ ಅಂದೆ! ನೋವಾದ್ರೇನೇ ಬಿಡೋದು ಅಂದ್ರಿ. ನಾನು ಹತ್ತಿಯಾ? ನನಗೆ ಬಾಯಿಲ್ವಾ? ದಿನಾ ಬೆಳಿಗ್ಗೆ ಆ ಎಣ್ಣೆ ಸೌಟು ನೋಡಿದ್ರೆ ನನಗೆ ಕೈಕಾಲು ತಣ್ಣಗಾಗ್ತಿತ್ತು. ಈಗ ಆ ಪರೀಕ್ಷೇಲಿ ಏನಾದ್ರೂ ಕೆಟ್ಟದ್ದು ಬಂದ್ರೆ, ಇಷ್ಟು ದಿನ ಸುಮ್ನೆ ಹಾಳಾಯ್ತಲ್ಲ! ಗುಬ್ಬಿ ಇನ್ನೂ ಎಷ್ಟು ಚಿಕ್ಕವಳು!"

ಹಾಸಿಗೆಯಮ್ಮ ದಬ್ಬಣ ಕೆಳಗಿಟ್ಟಳು.

"ಹೀಗೆ ಅವತ್ತೇ ಬಯ್ಯಬೇಕಿತ್ತು ಕಣೇ."

"ನಿಮ್ಮನ್ನ ಬಯ್ಯೋಕೆ ಈ ಬೀದೀಲಿ ಯಾರಿದ್ದಾರೆ?"

"ಇನ್ಮೇಲೆ ನೀನಿದೀಯ." ಹಾಸಿಗೆಯಮ್ಮ ಮೂಗು ಸೀಟಿ, ಬಟ್ಟೆಯಲ್ಲಿ ಒರೆಸಿಕೊಂಡಳು. "ಹೆದರಿಬಿಟ್ಟಿದ್ದೆ ಕಣೇ. ಕೈ ಸುಮ್ನಿದ್ರೆ ಅಕ್ಕನ ನೆನಪಾಗ್ತಿತ್ತು. ಒತ್ತುತ್ತಾ ಇದ್ರೆ ಏನೋ ಮಾಡ್ತಿದೀನಿ ಅನ್ನಿಸ್ತಿತ್ತು."

ಸೊಸೆ ಕ್ಷಮಿಸಿದೆ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಇಬ್ಬರಿಗೂ ಚಹಾ ತಂದಳು. ಅತ್ತೆಯ ಲೋಟಕ್ಕೆ ಸಕ್ಕರೆ ಹಾಕಲು ಮರೆತಿದ್ದಳು. ಬೇಕೆಂದೇ ಮರೆತಳೋ ಏನೋ. ಹಾಸಿಗೆಯಮ್ಮ ಗಟಗಟ ಕುಡಿದಳು.

ಫಲಿತಾಂಶದ ದಿನ ಅಂಗಡಿಗೆ ಬೀಗ ಹಾಕಿ ನಾಲ್ವರೂ ಹೋದರು. ಗುಬ್ಬಿಗೆ ಸ್ಕೂಲಿನಲ್ಲಿ ಪರೀಕ್ಷೆ ಇತ್ತು, ಬರಬೇಡವೆಂದರೂ ಅವಳು ಕೇಳಲಿಲ್ಲ. ಡಾಕ್ಟರು ಹಾಳೆಯಿಂದ ತಲೆಯೆತ್ತಿ ನೇರವಾಗಿ ಸೊಸೆಯನ್ನೇ ನೋಡಿ ಹೇಳಿದರು:

"ಕ್ಯಾನ್ಸರ್ ಅಲ್ಲಮ್ಮ."

"ಅಲ್ವಾ?" ಹಾಸಿಗೆಯಮ್ಮ ಕೇಳಿದಳು.

"ಅಲ್ಲ."

"ಸರಿಯಾಗಿ ನೋಡಿದೀರಾ? ಬೇರೆಯವರ ಚೀಟಿ ಅಲ್ಲ ತಾನೇ?"

"ಇವರದೇ. ಇದಕ್ಕೆ ಫೈಬ್ರೋಅಡಿನೋಮ ಅಂತಾರೆ. ಎದೆಯಲ್ಲಿರೋ ಮಾಂಸ, ನಾರು ಎಲ್ಲಾ ಒಂದು ಕಡೆ ಸೇರಿ ಉಂಡೆ ಕಟ್ಟಿರುತ್ತೆ, ಅಷ್ಟೇ. ಚಿಕ್ಕ ವಯಸ್ಸಿನವರಲ್ಲಿ ತುಂಬಾ ಸಾಮಾನ್ಯ. ಪ್ರಾಣಕ್ಕೇನೂ ಅಪಾಯ ಇಲ್ಲ."

"ಹಾಗಾದ್ರೆ ಒತ್ತಿದ್ರಿಂದ..."

"ಒತ್ತಿದ್ರಿಂದ ಬಂದಿದ್ದಲ್ಲ, ಒತ್ತಿದ್ರೆ ಹೋಗೋದೂ ಅಲ್ಲ. ಆ ನೀಲಿ ಬಣ್ಣ, ಊತ ಮಾತ್ರ ಒತ್ತಿದ್ದರ ಫಲ. ಅದು ಇಳಿಯುತ್ತೆ. ಈಗ ಎರಡು ದಾರಿ. ಬೇಡ ಅನ್ನಿಸಿದ್ರೆ ಸಣ್ಣ ಆಪರೇಷನ್ ಮಾಡಿ ತೆಗೀಬಹುದು. ಇಲ್ಲಾಂದ್ರೆ ಹಾಗೇ ಬಿಟ್ಟು ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡೋಣ. ನಡುವೆ ಅದು ಬೇಗ ದಪ್ಪ ಆದ್ರೆ, ಚರ್ಮ ಒಳಕ್ಕೆ ಎಳೆದ ಹಾಗಾದ್ರೆ, ತೊಟ್ಟಿಂದ ರಕ್ತ ಬಂದ್ರೆ, ಕಂಕುಳಲ್ಲಿ ಗಂಟು ಸಿಕ್ಕಿದ್ರೆ ಒಂದು ದಿನಾನೂ ಕಾಯದೆ ಬನ್ನಿ."

ಸೊಸೆ ಮುಖ ಮುಚ್ಚಿಕೊಂಡು ಅತ್ತಳು. "ಒಳ್ಳೇ ಸುದ್ದಿ ಕೇಳಿ ಯಾರಾದ್ರೂ ಅಳ್ತಾರೇನೇ, ಮಂಕು!" ಎಂದು ಗದರಿದ ಹಾಸಿಗೆಯಮ್ಮನ ಗಲ್ಲದಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

ದಾರಿಯಲ್ಲಿ ಆಯುರ್ವೇದದ ಡಾಕ್ಟರಮ್ಮನ ಹತ್ತಿರವೂ ಹೋದರು. ಅವಳು ಹಾಳೆ ಓದಿ ನಕ್ಕಳು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎರಡೂ ಎದೆ ಭಾರವಾಗಿ ನೋಯುತ್ತದೆ ಎಂದು ಸೊಸೆ ಹೇಳಿದಾಗ, ಅದಕ್ಕೆ ಗುಳಿಗೆ ಬರೆದಳು. ರಾತ್ರಿ ಊಟ ಬೇಗ ಮುಗಿಸಬೇಕು, ಕರಿದದ್ದು, ಚಹಾ ಕಡಿಮೆ ಮಾಡಬೇಕು, ದಿನಾ ನಡೆಯಬೇಕು, ಭಾರ ಎತ್ತುವಾಗ ಎದೆಗೆ ಆಧಾರ ಕೊಡುವ ಒಳ ಉಡುಪು ಹಾಕಬೇಕು ಎಂದಳು.

"ಗಂಟು ಕರಗುತ್ತಾ?" ಹಾಸಿಗೆಯಮ್ಮ ಕೇಳದೆ ಬಿಟ್ಟಾಳೆಯೇ?

"ಕರಗಿಸ್ತೀನಿ ಅಂತ ನಾನು ಮಾತು ಕೊಡಲ್ಲ. ಕೆಲವರಿಗೆ ತಾನಾಗೇ ಸಣ್ಣದಾಗುತ್ತೆ, ಕೆಲವರಿಗೆ ಇದ್ದ ಹಾಗೇ ಇರುತ್ತೆ. ನೋವಿಗೆ, ಮೈಯ ಹದಕ್ಕೆ ನನ್ನ ಔಷಧಿ. ಸ್ಕ್ಯಾನ್ ತಪ್ಪಿಸಬಾರದು. ನಾನು ಕೊಟ್ಟ ಗುಳಿಗೆ ಯಾವುದು ಅಂತ ಆಸ್ಪತ್ರೆಯಲ್ಲೂ ಹೇಳಿ. ಕರಗಿಸ್ತೀವಿ ಅಂತ ಬೋರ್ಡು ಹಾಕ್ಕೊಂಡವರ ಹತ್ರ ಮಾತ್ರ ಹೋಗಬೇಡಿ."

ಅವತ್ತು ಊಟಕ್ಕೆ ಕೂತಾಗ ಮನೆಯೇ ಒಂದು ಪಂಚಾಯಿತಿ.

"ತೆಗೆಸಿಬಿಡೋಣ," ಎಂದ ಮಗ. "ಇದ್ರೆ ತಾನೇ ಯೋಚನೆ? ಖರ್ಚಿಗೆ ಹೇಗೋ ಮಾಡ್ತೀನಿ."

"ಏನೂ ಬೇಡ!" ಹಾಸಿಗೆಯಮ್ಮ ಎಂದಳು. "ಡಾಕ್ಟರೇ ಅಪಾಯ ಇಲ್ಲ ಅಂದ ಮೇಲೆ ಯಾಕೆ ಕೊಯ್ಸಬೇಕು? ಗುಳಿಗೆ ತಗೊಳ್ಳಲಿ. ಇನ್ನೂ ಬೇಕಾದ್ರೆ ನಾನು ಬೇರೆ ಊರಿನ ವೈದ್ಯರನ್ನ..."

"ಅಮ್ಮ, ನೀನು ಸುಮ್ನಿರು."

"ನೀನು ಸುಮ್ನಿರೋ, ದಿಂಬು!"

"ಇಬ್ಬರೂ ಸುಮ್ನಿರಿ," ಎಂದಳು ಸೊಸೆ.

ಧ್ವನಿ ದೊಡ್ಡದಾಗಿರಲಿಲ್ಲ. ಆದರೆ ಆ ಮನೆಯಲ್ಲಿ ಆ ಮಾತನ್ನು ಆ ಬಾಯಿಂದ ಯಾರೂ ಕೇಳಿರಲಿಲ್ಲ. ಗುಬ್ಬಿಯ ಕೈಯ ತುತ್ತು ಅಲ್ಲೇ ನಿಂತಿತು.

"ಗಂಟು ನಂದು. ತೆಗೆಸೋದೋ ಬಿಡೋದೋ ನಾನು ಹೇಳ್ತೀನಿ. ಈಗ ತೆಗೆಸಲ್ಲ. ಆರು ತಿಂಗಳು ನೋಡ್ತೀನಿ. ಗುಳಿಗೆ ತಗೋತೀನಿ, ಸ್ಕ್ಯಾನಿಗೂ ಹೋಗ್ತೀನಿ. ದಪ್ಪ ಆದ್ರೆ ತೆಗೆಸ್ತೀನಿ. ಯಾರೂ ಮುಟ್ಟಬಾರದು." ಅವಳು ಅತ್ತೆಯ ಕಡೆ ತಿರುಗಿದಳು. "ಇನ್ನೊಂದು ಮಾತು. ಮುಂದಿನ ಸಲ ನಾನು ಹೋಗೋವಾಗ ನೀವೂ ತೋರಿಸ್ಕೋಬೇಕು."

"ನಾನಾ? ನನಗೇನಾಗಿದೆ ರೋಗ?"

"ನಿಮ್ಮಕ್ಕನಿಗೇ ಇತ್ತಲ್ಲ ಅಜ್ಜಿ," ಗುಬ್ಬಿ ಮಧ್ಯೆ ಬಾಯಿ ಹಾಕಿದಳು. "ನಿಜವಾಗಿ ಮೊದಲು ಹೋಗಬೇಕಾದವರು ನೀವು."

"ಈ ವಯಸ್ಸಲ್ಲಿ ನಾನು ಯಾರ ಮುಂದೂ ಎದೆ ತೋರಿಸಲ್ಲ! ಪ್ರಾಣ ಹೋದ್ರೂ ಇಲ್ಲ!"

"ಹಾಗಾದ್ರೆ ನಾನೂ ಹೋಗಲ್ಲ," ಎಂದಳು ಸೊಸೆ, ಅನ್ನ ಕಲಸುತ್ತಾ.

ಮಗ ತಲೆ ತಗ್ಗಿಸಿ ನಗು ನುಂಗಿದ. ಹಾಸಿಗೆಯಮ್ಮ ಒಬ್ಬೊಬ್ಬರ ಮುಖವನ್ನೂ ನುಂಗುವಂತೆ ನೋಡಿ, ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ತಿಂಗಳುಗಳು ಉರುಳಿದವು. ನೀಲಿ ಇಳಿಯಿತು, ಊತವೂ ಇಳಿಯಿತು. ಗಂಟು ಮೊದಲಿನಷ್ಟೇ ಉಳಿಯಿತು. ಮನೆಯಲ್ಲಿ ಕತ್ತಲಾಗುವ ಮೊದಲೇ ಊಟ. ಮೂರನೇ ಚಹಾಕ್ಕೆ ಯಾರಾದರೂ ಪಾತ್ರೆ ಇಟ್ಟರೆ ಗುಬ್ಬಿ ಪೊಲೀಸಿನವಳಂತೆ ಬಂದು ಒಲೆ ಆರಿಸುತ್ತಿದ್ದಳು. ಸಂಜೆ ಅಂಗಡಿ ಮುಚ್ಚಿ ಅತ್ತೆ ಸೊಸೆ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದರು. ನಡಿಗೆಗಿಂತ ಜಗಳವೇ ಹೆಚ್ಚು. ಈಗ ಜಗಳದಲ್ಲಿ ಎರಡು ಧ್ವನಿ ಇರುತ್ತಿತ್ತು. ಮುಟ್ಟಿಗೆ ಮುಂಚಿನ ನೋವು ಮೊದಲಿನಷ್ಟು ಕಾಡುತ್ತಿರಲಿಲ್ಲ. ಗುಳಿಗೆಯಿಂದಲೋ ನಡಿಗೆಯಿಂದಲೋ ನೆಮ್ಮದಿಯಿಂದಲೋ ಹೇಳುವುದು ಕಷ್ಟ. ಮುಟ್ಟು ಮುಗಿದ ಮೇಲೆ ತಿಂಗಳಿಗೊಮ್ಮೆ ಸೊಸೆ ಬಚ್ಚಲಲ್ಲಿ ತಾನೇ ಬೆರಳ ತುದಿಗಳನ್ನು ಚಪ್ಪಟೆಯಾಗಿಟ್ಟು, ಡಾಕ್ಟರು ತೋರಿಸಿಕೊಟ್ಟಂತೆ ಹಗುರವಾಗಿ ನೋಡಿಕೊಳ್ಳುತ್ತಿದ್ದಳು. ಬಾಗಿಲಾಚೆಯಿಂದ ಹಾಸಿಗೆಯಮ್ಮ ಕೂಗುವಳು:

"ಎಷ್ಟಿದೆಯೇ?"

"ಅಷ್ಟೇ ಇದೆ."

"ಸರಿ. ಬೇಗ ಬಾ, ಅಂಗಡಿ ತೆಗೀಬೇಕು."

ಮತ್ತೆ ಸ್ಕ್ಯಾನಿನ ದಿನ ಬಂತು. ಹಾಸಿಗೆಯಮ್ಮ ಬೆಳಿಗ್ಗೆಯಿಂದ ಮಂಡಿ ನೋವು ಎಂದಳು, ದೊಡ್ಡ ಆರ್ಡರು ಇದೆ ಎಂದಳು, ಹೊಟ್ಟೆ ಸರಿಯಿಲ್ಲ ಎಂದಳು. ಸೊಸೆ ಏನೂ ವಾದಿಸಲಿಲ್ಲ. ಚಪ್ಪಲಿ ಬಿಚ್ಚಿಟ್ಟು ಹೊಲಿಗೆಗೆ ಕೂತುಬಿಟ್ಟಳು. ಹಾಸಿಗೆಯಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಡಿಯ ಬಾಗಿಲನ್ನು ದಡಾರನೆ ಎಳೆದು ಬೀಗ ಹಾಕಿ, "ಎದ್ದೇಳೇ, ಬಸ್ಸು ಹೋಗುತ್ತೆ!" ಎಂದಳು.

ಸೊಸೆಯದು ಮೊದಲು ಮುಗಿಯಿತು. ಗಂಟು ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಈ ಸಲ ಅದರ ಅಂಚು ಸ್ಪಷ್ಟವಾಗಿ, ದುಂಡಗೆ ಕಂಡಿತು. ಇನ್ನು ಒಂದು ವರ್ಷ ಬಿಟ್ಟು ಬಂದರೆ ಸಾಕು ಎಂದರು ಡಾಕ್ಟರು. ಸೊಸೆ ಹೊರಗೆ ಬಂದು ಅತ್ತೆಯ ಚೀಲವನ್ನು ಇಸಿದುಕೊಂಡಳು.

"ಈಗ ನೀವು."

ಹಾಸಿಗೆಯಮ್ಮ ಬೆಂಚಿನ ಮೇಲಿದ್ದ ಹೆಂಗಸರನ್ನೆಲ್ಲ ಒಮ್ಮೆ ನೋಡಿದಳು. ಯುದ್ಧಕ್ಕೆ ಹೊರಟವಳಂತೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಆಮೇಲೆ ಬಾಗಿಲಿ‌ನ ಆಚೆಯಿಂದ ಇಡೀ ಕಾರಿಡಾರಿಗೆ ಕೇಳುವಂತೆ ಧ್ವನಿ ಬಂತು:

"ಅಯ್ಯಯ್ಯಪ್ಪಾ, ನಿನ್ನ ಕೈಯೇನಮ್ಮ ಮಂಜುಗಡ್ಡೇನಾ?"

"ಸ್ವಲ್ಪ ಸುಮ್ನೆ ಮಲಗಿ."

"ಸುಮ್ನೆ ಹೇಗೆ ಮಲಗಲಿ, ಕಚಗುಳಿ ಆಗ್ತಿದೆ!"

ಬೆಂಚಿನ ಮೇಲಿದ್ದವರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ನಕ್ಕಳು. ಅವಳ ಹಿಂದೆ ಎಲ್ಲರೂ ನಕ್ಕರು. ಸೊಸೆ ಚೀಲದಲ್ಲಿ ಮುಖ ಹುದುಗಿಸಿ ನಕ್ಕಳು. ತುದಿಯಲ್ಲಿ ಒಬ್ಬಳೇ ಕೂತಿದ್ದ ಕಾಲೇಜು ಹುಡುಗಿ ಮಾತ್ರ ನಗದೆ, ಎರಡೂ ಕೈಗಳನ್ನು ಮಡಿಲಲ್ಲಿ ಹಿಸುಕುತ್ತಾ ಬಾಗಿಲನ್ನೇ ನೋಡುತ್ತಿದ್ದಳು.

ಹಾಸಿಗೆಯಮ್ಮ ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದಳು.

"ಏನಂದ್ರು ಅತ್ತೆ?"

"ಏನೂ ಇಲ್ಲವಂತೆ. ವರ್ಷಕ್ಕೊಂದು ಸಲ ಬಾ ಅಂದ್ರು."

"ಬರ್ತೀರಾ?"

"ನಿನ್ನಂಥ ಹಟಮಾರಿ ಮನೇಲಿದ್ರೆ ಬರದೆ ಏನು ಮಾಡ್ಲಿ?"

ಆಗ ಅವಳ ಕಣ್ಣು ಆ ಹುಡುಗಿಯ ಮೇಲೆ ಬಿತ್ತು. ಹಾಸಿಗೆಯಮ್ಮ ಅವಳ ಮುಂದೆ ಹೋಗಿ ನಿಂತಳು. ಮುಟ್ಟಲಿಲ್ಲ.

"ಒಬ್ಬಳೇ ಬಂದಿದೀಯಾ ಮಗಳೇ?"

ಹುಡುಗಿ ತಲೆಯಾಡಿಸಿದಳು.

"ಹೋಗು, ಹೆದರಬೇಡ. ಏನಿದೆಯೋ ಅದು ಗೊತ್ತಾಗುತ್ತೆ. ಆ ಡಾಕ್ಟರ ಕೈ ಸ್ವಲ್ಪ ತಣ್ಣಗಿರುತ್ತೆ, ಅಷ್ಟೇ," ಎಂದು ಅವಳ ಪಕ್ಕದಲ್ಲೇ ಕೂತಳು. "ನೀನು ಹೊರಗೆ ಬರೋವರೆಗೂ ನಾವಿಬ್ಬರೂ ಇಲ್ಲೇ ಇರ್ತೀವಿ."

ಸೊಸೆ ಬಸ್ಸಿನ ಹೊತ್ತು ನೋಡಲಿಲ್ಲ. ಬೆಂಚಿನ ಇನ್ನೊಂದು ಪಕ್ಕಕ್ಕೆ ಬಂದು ಕೂತಳು.